ಕಿರಿದಾದ ನಾಳ, ಕಾಣದ ಗೋಡೆ: ಪಾರ್ಶ್ವವಾಯುವಿನಲ್ಲಿ ಎಂಆರ್‌ಐ

ಪಾರ್ಶ್ವವಾಯುವಿಗೆ ಚಿಕಿತ್ಸೆ ಪಡೆದವರ ಕಡತದಲ್ಲಿ ಇಂದು ಸಾಮಾನ್ಯವಾಗಿ ಎರಡು ಬಗೆಯ ಎಂಆರ್‌ಐ ಚಿತ್ರಗಳಿರುತ್ತವೆ. ಒಂದು ಮಿದುಳಿನದು, ಇನ್ನೊಂದು ಮಿದುಳಿಗೆ ರಕ್ತ ಒಯ್ಯುವ ನಾಳಗಳದು. ವರದಿಯಲ್ಲಿ ಎಂಆರ್ ಆಂಜಿಯೋಗ್ರಾಂ ಎಂದು ಕರೆಯಲಾಗುವ ಈ ಎರಡನೆಯ ಚಿತ್ರದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕವಲೊಡೆದ ಬಿಳಿ ಗೆರೆಗಳು ಕಾಣುತ್ತವೆ. ಗೆರೆ ಎಲ್ಲಿ ಸಣ್ಣಗಾಗಿದೆಯೋ ಅಲ್ಲಿಗೆ ಬೆರಳಿಟ್ಟು, “ಡಾಕ್ಟ್ರೇ, ಬ್ಲಾಕ್ ಇರುವುದು ಇಲ್ಲೇ ಅಲ್ಲವೇ?” ಎಂದು ಮನೆಯವರು ಕೇಳುತ್ತಾರೆ. ಅವರು ತೋರಿಸುವ ಜಾಗ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಆ ಬಿಳಿ ಗೆರೆ ನಾಳದ ಚಿತ್ರ ಎಂಬ ನಂಬಿಕೆ ಸರಿಯಲ್ಲ. ಅಲ್ಲಿ ಕಾಣುವುದು ನಾಳದೊಳಗೆ ಹರಿಯುತ್ತಿದ್ದ ರಕ್ತ ಮಾತ್ರ. ರೋಗವಿರುವುದು ಹೆಚ್ಚಿನ ಸಂದರ್ಭಗಳಲ್ಲಿ ನಾಳದ ಗೋಡೆಯಲ್ಲಿ, ಮತ್ತು ಆ ಗೋಡೆ ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಕಾಲುವೆಯಲ್ಲಿ ನೀರು ಸಣ್ಣಗೆ ಹರಿಯುತ್ತಿದೆ ಎಂಬುದನ್ನಷ್ಟೇ ನೋಡಿ, ಏರಿ ಕುಸಿದಿದೆಯೋ, ಹೂಳು ತುಂಬಿದೆಯೋ, ಮೇಲಿನ ತೂಬನ್ನೇ ಮುಚ್ಚಿದ್ದಾರೋ ಎಂದು ಹೇಳಲಾಗದು. ಇಂದಿನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ ಇರುತ್ತದೆ.

ರಕ್ತದ ಹಾದಿಯನ್ನು ನೋಡುವ ಆಸೆ ಹಳೆಯದು. ಮಿದುಳಿನ ತಳದಲ್ಲಿ ಅಪಧಮನಿಗಳು ಒಂದಕ್ಕೊಂದು ಸೇರಿ ಉಂಗುರವಾಗಿರುವುದನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ವಿವರವಾಗಿ ಬರೆದರು. ಆ ಗ್ರಂಥಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲನ್ನು ಕಟ್ಟಿದ ಕ್ರಿಸ್ಟೋಫರ್ ರೆನ್ ಕೂಡ ಒಬ್ಬರು. ಕುತ್ತಿಗೆಯ ಒಂದು ಕ್ಯಾರೋಟಿಡ್ ಅಪಧಮನಿ ಪೂರ್ತಿ ಮುಚ್ಚಿಹೋಗಿದ್ದರೂ ಪಾರ್ಶ್ವವಾಯು ಆಗದೆ, ಬೇರೆ ಕಾರಣದಿಂದ ತೀರಿಕೊಂಡ ಒಬ್ಬ ವ್ಯಕ್ತಿಯ ಶವಪರೀಕ್ಷೆಯನ್ನು ವಿಲ್ಲಿಸ್ ದಾಖಲಿಸಿದ್ದಾರೆ. ಒಂದು ದಾರಿ ಮುಚ್ಚಿದರೆ ಉಂಗುರದ ಮೂಲಕ ಇನ್ನೊಂದು ಕಡೆಯಿಂದ ರಕ್ತ ಬರಬಲ್ಲದು ಎಂಬ ಅವರ ತರ್ಕ ಇಂದಿಗೂ ಉಳಿದಿದೆ. ಬದುಕಿರುವ ಮನುಷ್ಯನಲ್ಲಿ ಈ ನಾಳಗಳನ್ನು ಮೊದಲು ಕಂಡದ್ದು 1927ರಲ್ಲಿ, ಲಿಸ್ಬನ್ನಿನಲ್ಲಿ. ಎಗಾಸ್ ಮೋನಿಸ್ ಅವರು ಕ್ಯಾರೋಟಿಡ್‌ನೊಳಗೆ ಸೋಡಿಯಂ ಅಯೊಡೈಡ್ ದ್ರಾವಣ ಸೇರಿಸಿ ಎಕ್ಸ್‌ರೇ ತೆಗೆದರು. ವಿಷಯಾಂತರವಾದರೂ ಒಂದು ಮಾತು ಹೇಳಿಬಿಡುತ್ತೇನೆ. ಮೋನಿಸ್‌ಗೆ 1949ರಲ್ಲಿ ನೊಬೆಲ್ ಬಂದದ್ದು ಈ ಆಂಜಿಯೋಗ್ರಫಿಗಲ್ಲ, ಮನೋರೋಗಿಗಳ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಆ ಶಸ್ತ್ರಚಿಕಿತ್ಸೆಯನ್ನು ವೈದ್ಯಲೋಕ ಕೈಬಿಟ್ಟಿತು. ಆಂಜಿಯೋಗ್ರಫಿ ಮಾತ್ರ ದಿನವೂ ನಡೆಯುತ್ತಿದೆ.

ಎಂಆರ್‌ಐ ಈ ಕೆಲಸವನ್ನು ಸೂಜಿಯಿಲ್ಲದೆಯೂ ಮಾಡಬಲ್ಲದು, ಮತ್ತು ಅದು ಹೇಗೆ ಎಂದು ತಿಳಿದರೆ ಅದು ಎಲ್ಲಿ ತಪ್ಪುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ. ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಗಳು ಬಲವಾದ ಕಾಂತಕ್ಷೇತ್ರದಲ್ಲಿ ಒಂದು ನಿಶ್ಚಿತ ಆವರ್ತನದಲ್ಲಿ ಸ್ಪಂದಿಸುತ್ತವೆ. 3 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 128 ಮೆಗಾಹರ್ಟ್ಸ್. ಅದೇ ಆವರ್ತನದ ರೇಡಿಯೋ ತರಂಗವನ್ನು ಕೊಟ್ಟರೆ ಬೀಜಗಳು ಶಕ್ತಿ ಹೀರಿಕೊಂಡು, ಮರಳಿ ಸಂಕೇತ ಕೊಡುತ್ತವೆ. ಆದರೆ ಒಂದೇ ಜಾಗಕ್ಕೆ ಕೆಲವೇ ಹತ್ತು ಮಿಲಿಸೆಕೆಂಡುಗಳಿಗೊಮ್ಮೆ ತರಂಗ ಬಡಿಯುತ್ತಲೇ ಹೋದರೆ, ಅಲ್ಲಿನ ಬೀಜಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗದೆ ಅವುಗಳ ಸಂಕೇತ ಕುಗ್ಗುತ್ತದೆ. ಅಲುಗಾಡದೆ ಕುಳಿತ ಮಿದುಳಿನ ಅಂಗಾಂಶ ಹೀಗೆ ಕಪ್ಪಾಗುತ್ತದೆ. ಕುತ್ತಿಗೆಯ ಕಡೆಯಿಂದ ಹೊಸದಾಗಿ ಒಳಬಂದ ರಕ್ತಕ್ಕೆ ಈ ಹೊಡೆತಗಳು ಬಿದ್ದಿರುವುದಿಲ್ಲವಾದ್ದರಿಂದ ಅದು ಬೆಳ್ಳಗೆ ಹೊಳೆಯುತ್ತದೆ. ಮೇಲಿನಿಂದ ಕೆಳಕ್ಕೆ ಮರಳುವ ಅಭಿಧಮನಿಗಳ ರಕ್ತವೂ ಹೊಳೆದು ಚಿತ್ರ ಗೋಜಲಾಗದಿರಲೆಂದು, ಚಿತ್ರಿಸುವ ಭಾಗದ ಮೇಲ್ಗಡೆ ಮೊದಲೇ ತರಂಗ ಬಡಿದು ಆ ರಕ್ತವನ್ನು ಮಂಕಾಗಿಸಿರುತ್ತಾರೆ. ಟೈಮ್ ಆಫ್ ಫ್ಲೈಟ್, ಅಂದರೆ ಟಿಒಎಫ್ ಎಂಬ ಈ ವಿಧಾನವೇ ನಮ್ಮ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು.

ಇಲ್ಲಿ ಹೊಳಪು ಎಂದರೆ ಹೊಸ ರಕ್ತದ ರಭಸ. ಹಾಗಾಗಿ ರಕ್ತ ನಿಧಾನವಾದರೆ, ನಾಳ ತೆರೆದೇ ಇದ್ದರೂ ಗೆರೆ ಮಾಯವಾಗಬಹುದು. ಕಿರಿದಾದ ಜಾಗದಲ್ಲಿ ಹರಿವು ಸುಳಿಯಾದಾಗಲೂ ಸಂಕೇತ ಚದುರಿ, ಅರ್ಧ ಮುಚ್ಚಿದ ನಾಳ ಮುಕ್ಕಾಲು ಮುಚ್ಚಿದಂತೆ ಕಾಣುತ್ತದೆ. ಕ್ಯಾರೋಟಿಡ್ ಅಪಧಮನಿ ತಲೆಬುರುಡೆಯ ತಳದಲ್ಲಿ ಬಳುಕುವ ಜಾಗದಲ್ಲಂತೂ ಇಲ್ಲದ ಕಿರಿತನ ಕಾಣುವುದು ಅಪರೂಪವಲ್ಲ. ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ನಿಮಗೆ ಫಿಲ್ಮಿನಲ್ಲಿ ಮುದ್ರಿಸಿಕೊಡುವ, ತಿರುಗಿಸಿ ತಿರುಗಿಸಿ ತೋರಿಸುವ ಚಿತ್ರ ಯಂತ್ರ ನೇರವಾಗಿ ತೆಗೆದದ್ದಲ್ಲ. ನೂರಾರು ತೆಳು ಪದರಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ನೋಟದ ರೇಖೆಯಲ್ಲಿ ಅತ್ಯಂತ ಹೊಳೆಯುವ ಬಿಂದುವನ್ನಷ್ಟೇ ಆರಿಸಿ ಕಂಪ್ಯೂಟರ್ ಅದನ್ನು ಕಟ್ಟಿರುತ್ತದೆ. ಕೆಲವು ದಿನ ಹಳೆಯದಾದ ಹೆಪ್ಪಿನಲ್ಲಿ ಹಿಮೋಗ್ಲೋಬಿನ್ ಮೆಥಿಮೋಗ್ಲೋಬಿನ್ ಆಗಿ ಮಾರ್ಪಟ್ಟಾಗ ಅದೂ ಬೆಳ್ಳಗೆ ಹೊಳೆಯುತ್ತದೆ. ಆಗ ಹೆಪ್ಪುಗಟ್ಟಿ ಮುಚ್ಚಿಹೋದ ನಾಳವು ಈ ಕಟ್ಟಿದ ಚಿತ್ರದಲ್ಲಿ ಚೆನ್ನಾಗಿ ಹರಿಯುತ್ತಿರುವ ನಾಳದಂತೆಯೇ ಕಾಣಬಹುದು. ಮೂಲ ಪದರಗಳನ್ನು ಒಂದೊಂದಾಗಿ ನೋಡಿದವರಿಗೆ ಮಾತ್ರ ಅದರ ಅಂಚಿನ ಮಸುಕು ಮತ್ತು ಅಸಮವಾದ ಹೊಳಪು ಅನುಮಾನ ಹುಟ್ಟಿಸುತ್ತದೆ.

ಪಾರ್ಶ್ವವಾಯು ಆದ ಮೊದಲ ಗಂಟೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಆ ಹೊತ್ತಿನಲ್ಲಿ ಹೆಚ್ಚಿನ ಆಸ್ಪತ್ರೆಗಳು ಮೊದಲು ಮಾಡುವುದು ಸಿಟಿ ಸ್ಕ್ಯಾನ್, ಮತ್ತು ಅದು ಸರಿಯಾದ ಕ್ರಮವೇ. ಸಿಟಿ ಕೆಲವೇ ನಿಮಿಷಗಳ ಕೆಲಸ. ಎಂಆರ್‌ಐ ಕೋಣೆಗೆ ಒಯ್ಯುವ ಮೊದಲು ಪೇಸ್‌ಮೇಕರ್ ಇದೆಯೇ, ಹಿಂದೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಕ್ಲಿಪ್ ಹಾಕಿದ್ದಾರೆಯೇ ಎಂದು ವಿಚಾರಿಸಬೇಕು. ಮಾತು ನಿಂತುಹೋದ ರೋಗಿಯಿಂದ ಉತ್ತರ ಬರುವುದಿಲ್ಲ. ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡ ನಾಲ್ಕೈದು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಬೇಕು. ಸರದ ಚಿನ್ನವನ್ನು ಕಾಂತ ಸೆಳೆಯುವುದಿಲ್ಲ, ಉಕ್ಕಿನ ಪಿನ್ನನ್ನು ಸೆಳೆಯುತ್ತದೆ. ಇಷ್ಟೆಲ್ಲ ಇದ್ದರೂ ಎಂಆರ್‌ಐಗೆ ಆ ಹಂತದಲ್ಲಿಯೂ ತನ್ನದೇ ಬಲವಿದೆ. ಬೆಕ್ಕುಗಳ ಮೇಲೆ ನಡೆದ ಪ್ರಯೋಗದಲ್ಲಿ, ನಾಳ ಕಟ್ಟಿದ ಒಂದು ಗಂಟೆಯೊಳಗೇ ಮಿದುಳಿನ ಬಾಧಿತ ಭಾಗದಲ್ಲಿ ನೀರಿನ ಅಣುಗಳ ಚಲನೆ ಕುಗ್ಗುವುದನ್ನು ಎಂಆರ್‌ಐ ತೋರಿಸಬಲ್ಲದು ಎಂದು 1990ರಲ್ಲಿ ಮೈಕೇಲ್ ಮೋಸ್ಲಿ ಮತ್ತು ಸಂಗಡಿಗರು ತೋರಿಸಿದ್ದರು. ಇಂದು ಡಿಫ್ಯೂಷನ್ ಚಿತ್ರವೆಂದು ಕರೆಯುವುದು ಅದನ್ನೇ. ನಾಳಗಳ ವಿಷಯಕ್ಕೆ ಬಂದರೆ, ಕೆಂಪು ರಕ್ತಕಣಗಳು ತುಂಬಿದ ಹೆಪ್ಪು ಕಾಂತಕ್ಷೇತ್ರವನ್ನು ಕದಡುವುದರಿಂದ ಸಸೆಪ್ಟಿಬಿಲಿಟಿ ಚಿತ್ರದಲ್ಲಿ ತನ್ನ ನಿಜಗಾತ್ರಕ್ಕಿಂತ ದೊಡ್ಡದಾದ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರದಲ್ಲಿ, ಸಾಮಾನ್ಯವಾಗಿ ಕಪ್ಪಾಗಿರಬೇಕಾದ ಸಣ್ಣ ನಾಳಗಳು ಬೆಳ್ಳಗೆ ತೋರಿದರೆ, ಮುಚ್ಚಿದ ಜಾಗದ ಆಚೆಗೆ ಬಳಸುದಾರಿಯಿಂದ ರಕ್ತ ಮೆಲ್ಲಗೆ ತೆವಳುತ್ತಿದೆ ಎಂದರ್ಥ. ವಿಲ್ಲಿಸ್ ಊಹಿಸಿದ ಬಳಸುದಾರಿಯನ್ನು ಹೀಗೆ ಪರೋಕ್ಷವಾಗಿ ನೋಡಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಳ ಎಷ್ಟು ಕಿರಿದಾಗಿದೆ ಎಂಬ ಪ್ರಶ್ನೆಯೊಂದೇ ದಶಕಗಳ ಕಾಲ ಪಾರ್ಶ್ವವಾಯುವಿನ ಚಿಂತನೆಯನ್ನು ಆಳಿತು. ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಉತ್ತರ ಅಮೆರಿಕದಲ್ಲಿ ನಡೆದ ನ್ಯಾಸೆಟ್ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ಕುತ್ತಿಗೆಯ ಕ್ಯಾರೋಟಿಡ್ ಶೇ. 70ರಿಂದ 99ರಷ್ಟು ಕಿರಿದಾಗಿ ಅದರಿಂದ ಲಕ್ಷಣಗಳು ಕಾಣಿಸಿಕೊಂಡಿದ್ದವರಲ್ಲಿ, ಔಷಧಿ ಮಾತ್ರ ಪಡೆದವರ ಪೈಕಿ ಶೇ. 26 ಮಂದಿಗೆ ಎರಡು ವರ್ಷಗಳಲ್ಲಿ ಅದೇ ಬದಿಯ ಪಾರ್ಶ್ವವಾಯು ಆಯಿತು. ಶಸ್ತ್ರಚಿಕಿತ್ಸೆಯಿಂದ ನಾಳದೊಳಗಿನ ಕೊಬ್ಬನ್ನು ತೆಗೆಸಿಕೊಂಡವರಲ್ಲಿ ಅದು ಶೇ. 9 ಮಾತ್ರ. ಇಷ್ಟು ಸ್ಪಷ್ಟವಾದ ಫಲ ಸಿಕ್ಕ ಮೇಲೆ ಶೇಕಡಾವಾರು ಲೆಕ್ಕವೇ ಎಲ್ಲರ ನಾಲಿಗೆಯ ಮೇಲೆ ಬಂದುದು ಸಹಜ. ಆದರೆ ಅದೇ ತರ್ಕವನ್ನು ತಲೆಬುರುಡೆಯ ಒಳಗಿನ ನಾಳಗಳಿಗೆ ಅನ್ವಯಿಸಿದಾಗ ಫಲ ತಿರುಗುಮುರುಗಾಯಿತು. ಸ್ಯಾಂಪ್ರಿಸ್ ಎಂಬ ಅಮೆರಿಕದ ಪ್ರಯೋಗದಲ್ಲಿ, ತಲೆಯೊಳಗಿನ ದೊಡ್ಡ ಅಪಧಮನಿ ಶೇ. 70ರಿಂದ 99ರಷ್ಟು ಕಿರಿದಾಗಿದ್ದ 451 ಮಂದಿಯಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿ ನಾಳ ಅಗಲಿಸಿದರು, ಉಳಿದವರಿಗೆ ಬಿಗಿಯಾದ ಔಷಧೋಪಚಾರ ಕೊಟ್ಟರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂವತ್ತು ದಿನಗಳೊಳಗೆ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 14.7, ಔಷಧಿಯ ಗುಂಪಿನಲ್ಲಿ ಶೇ. 5.8. ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕಿರಿದಾದುದನ್ನು ಅಗಲಿಸಿದರೆ ಸಾಕು ಎಂಬ ಸರಳ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ನಮಗೆ ಇದು ದೂರದ ಸುದ್ದಿಯಲ್ಲ. ಯುರೋಪಿಯನ್ ಮೂಲದವರಿಗೆ ಹೋಲಿಸಿದರೆ ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ತಲೆಯೊಳಗಿನ ಅಪಧಮನಿಗಳ ಕೊಬ್ಬುರೋಗ ಪಾರ್ಶ್ವವಾಯುವಿಗೆ ಹೆಚ್ಚು ಸಾಮಾನ್ಯವಾದ ಕಾರಣ.

ಕಿರಿತನದ ಲೆಕ್ಕ ಮೋಸ ಮಾಡುವ ಇನ್ನೊಂದು ದಾರಿಯನ್ನು ಹೃದಯದ ನಾಳಗಳಲ್ಲಿ ಮೊದಲು ತೋರಿಸಿದವರು ಶಿಕಾಗೋದ ಸೀಮೋರ್ ಗ್ಲಾಗೋವ್. ಶವಪರೀಕ್ಷೆಯಲ್ಲಿ ದೊರೆತ ಹೃದಯಗಳನ್ನು ಅಳೆದು 1987ರಲ್ಲಿ ಅವರ ತಂಡ ಹೇಳಿದ್ದು ಇಷ್ಟು: ಗೋಡೆಯಲ್ಲಿ ಕೊಬ್ಬಿನ ಪ್ಲಾಕ್ ಬೆಳೆಯುತ್ತಿದ್ದಂತೆ ನಾಳ ಹೊರಮುಖವಾಗಿ ಹಿಗ್ಗಿಕೊಳ್ಳುತ್ತದೆ. ಪ್ಲಾಕ್ ನಾಳದ ಒಟ್ಟು ಕ್ಷೇತ್ರದ ಸುಮಾರು ಶೇ. 40ರಷ್ಟನ್ನು ಆಕ್ರಮಿಸುವವರೆಗೂ ರಕ್ತ ಹರಿಯುವ ಒಳದಾರಿ ಹೆಚ್ಚು ಕಿರಿದಾಗದೆ ಉಳಿಯಬಹುದು. ಮಿದುಳಿನ ನಾಳಗಳೂ ಹೀಗೆ ಹೊರಕ್ಕೆ ಹಿಗ್ಗುತ್ತವೆ. ಅಂದರೆ ‘ಆಂಜಿಯೋಗ್ರಾಂ ನಾರ್ಮಲ್’ ಎಂಬ ವರದಿ ಕೈಯಲ್ಲಿರುವವರ ನಾಳದ ಗೋಡೆಯಲ್ಲಿಯೂ ಗಣನೀಯವಾದ ರೋಗವಿರಬಹುದು.

ಹಾಗಾದರೆ ಗೋಡೆಯನ್ನೇ ನೋಡುವುದು ಹೇಗೆ? ಟಿಒಎಫ್ ವಿಧಾನದ ತರ್ಕವನ್ನು ತಲೆಕೆಳಗು ಮಾಡಬೇಕು. ಹರಿಯುವ ರಕ್ತದ ಸಂಕೇತ ಚದುರಿಹೋಗುವಂತೆ ರೇಡಿಯೋ ತರಂಗಗಳ ಸರಣಿಯನ್ನು ಹೊಂದಿಸಿದರೆ ರಕ್ತ ಕಪ್ಪಾಗುತ್ತದೆ. ಇದಕ್ಕೆ ಬ್ಲ್ಯಾಕ್ ಬ್ಲಡ್ ವಿಧಾನ ಎನ್ನುತ್ತಾರೆ. ಆದರೆ ತಲೆಯೊಳಗಿನ ನಾಳದ ಹೊರಗೂ ದ್ರವವಿದೆ, ಅಂದರೆ ಮಿದುಳು-ಬೆನ್ನುಹುರಿ ದ್ರವ. ಅದನ್ನೂ ಕಪ್ಪಾಗಿಸಿದಾಗ ಮಾತ್ರ ಎರಡು ಕತ್ತಲೆಗಳ ನಡುವೆ ಗೋಡೆ ಒಂದು ತೆಳು ಬೂದು ಉಂಗುರವಾಗಿ ಮೂಡುತ್ತದೆ. ಇಲ್ಲಿನ ಅಳತೆಗಳನ್ನು ಗಮನಿಸಿ. ಪಾರ್ಶ್ವವಾಯುವಿನಲ್ಲಿ ಅತಿ ಹೆಚ್ಚು ಬಾರಿ ಹೆಸರು ಬರುವ ಎಂಸಿಎ, ಅಂದರೆ ಮಿದುಳಿನ ಮಧ್ಯ ಅಪಧಮನಿಯ ಅಡ್ಡಳತೆ ಮೂರು ಮಿಲಿಮೀಟರಿನ ಆಸುಪಾಸು. ಅದರ ಆರೋಗ್ಯವಂತ ಗೋಡೆಯ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒಳ್ಳೆಯ 3 ಟೆಸ್ಲಾ ಯಂತ್ರದಲ್ಲಿ ಚಿತ್ರದ ಒಂದೊಂದು ಕಣದ ಅಳತೆಯೂ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಆದ್ದರಿಂದ ಆರೋಗ್ಯವಾದ ಗೋಡೆ ಕಂಡೂ ಕಾಣದಂತಿರುತ್ತದೆ. ಗೋಡೆ ಎದ್ದು ಕಂಡಿತೆಂದರೆ ಅದೇ ಒಂದು ಸೂಚನೆ. ಹಲವು ನಿಮಿಷ ಹಿಡಿಯುವ ಈ ಸ್ಕ್ಯಾನಿನ ನಡುವೆ ರೋಗಿ ಒಮ್ಮೆ ತಲೆ ಆಡಿಸಿದರೂ ಚಿತ್ರ ಕೆಡುತ್ತದೆ. ಮೊದಲು ಹಾಗೆಯೇ ಒಮ್ಮೆ ತೆಗೆದು, ಬಳಿಕ ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಚುಚ್ಚಿ ಮತ್ತೊಮ್ಮೆ ತೆಗೆದು ಎರಡನ್ನೂ ಹೋಲಿಸುತ್ತಾರೆ. ಉರಿಯೂತದಿಂದ ಸೋರುವ ಗೋಡೆ ಕಾಂಟ್ರಾಸ್ಟನ್ನು ಹೀರಿಕೊಂಡು ಬೆಳ್ಳಗಾಗುತ್ತದೆ. ಮೂತ್ರಪಿಂಡ ತೀರಾ ದುರ್ಬಲವಾಗಿರುವವರಿಗೆ ಈ ಚುಚ್ಚುಮದ್ದನ್ನು ಕೊಡುವ ಮುನ್ನ ಯೋಚಿಸಬೇಕಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಿ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಲವತ್ತರ ಆಸುಪಾಸಿನ ಒಬ್ಬರಿಗೆ ಬೆಳಗ್ಗೆ ಎಡಗೈ ಸೋತಿತು, ಸಂಜೆಯೊಳಗೆ ಅರ್ಧ ಸರಿಹೋಯಿತು. ಆಂಜಿಯೋಗ್ರಾಂನಲ್ಲಿ ಬಲಬದಿಯ ಎಂಸಿಎ ಕಿರಿದಾಗಿದೆ. ಇಷ್ಟನ್ನೇ ನೋಡಿದರೆ ನಾಲ್ಕೈದು ಬೇರೆ ಬೇರೆ ರೋಗಗಳು ಒಂದೇ ಚಿತ್ರವನ್ನು ಕೊಡುತ್ತವೆ. ಗೋಡೆಯ ಚಿತ್ರದಲ್ಲಿ ಉಂಗುರದ ಒಂದೇ ಪಕ್ಕ ದಪ್ಪಗಾಗಿ ಅಲ್ಲಿ ಮಾತ್ರ ಬೆಳ್ಳಗಾಗಿದ್ದರೆ ಅದು ಬಹುಮಟ್ಟಿಗೆ ಕೊಬ್ಬಿನ ಪ್ಲಾಕ್. ಆಗ ಆಸ್ಪಿರಿನ್‌ನಂಥ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ ಚಿಕಿತ್ಸೆಯಾಗುತ್ತವೆ. ಸುತ್ತಲೂ ಒಂದೇ ಸಮನೆ ದಪ್ಪಗಾಗಿ, ಗಾಢವಾಗಿ ಬೆಳ್ಳಗಾಗಿದ್ದರೆ ನಾಳದ ಉರಿಯೂತವನ್ನು ಅನುಮಾನಿಸಬೇಕು. ಅದಕ್ಕೆ ಸ್ಟೀರಾಯ್ಡ್ ಬೇಕಾಗಬಹುದು. ಸಿಡಿಲು ಬಡಿದಂತೆ ಹಠಾತ್ತಾಗಿ ಬರುವ ತಲೆನೋವಿನ ಜೊತೆಗೆ ನಾಳಗಳು ತಾತ್ಕಾಲಿಕವಾಗಿ ಹಿಂಡಿಕೊಳ್ಳುವ ಇನ್ನೊಂದು ಸ್ಥಿತಿಯಿದೆ. ಹೆರಿಗೆಯ ನಂತರವೂ, ಕೆಲವು ನೆಗಡಿಯ ಔಷಧಿಗಳಿಂದಲೂ ಅದು ಬರಬಹುದು, ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನಾಗಿಯೇ ಸರಿಹೋಗುತ್ತದೆ. ಅದರಲ್ಲಿ ಗೋಡೆ ಕಾಂಟ್ರಾಸ್ಟನ್ನು ಹೀರುವುದು ಬಹಳ ಕಡಿಮೆ. ಇಂಥವರಿಗೆ ಉರಿಯೂತವೆಂದು ಭಾವಿಸಿ ಸ್ಟೀರಾಯ್ಡ್ ಕೊಟ್ಟರೆ ಒಳಿತಿಗಿಂತ ಕೆಡುಕೇ ಹೆಚ್ಚು. ಇನ್ನು ಮಿದುಳಿನ ತಳದ ಅಪಧಮನಿಗಳು ಕ್ರಮೇಣ ಮುಚ್ಚುತ್ತ ಹೋಗುವ ಮೊಯಮೊಯ ಕಾಯಿಲೆಯಾಗಿದ್ದರೆ ನಾಳದ ಹೊರ ಅಳತೆಯೇ ಕುಗ್ಗಿರುತ್ತದೆ, ಮತ್ತು ಹಲವರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮಿದುಳಿನ ನಾಳದಿಂದ ಒಂದು ಚೂರು ತೆಗೆದು ಪರೀಕ್ಷಿಸುವುದು ಸುಲಭದ ಮಾತಲ್ಲವಾದ್ದರಿಂದ ಈ ಉಂಗುರದ ಆಕಾರಕ್ಕೆ ಇಷ್ಟು ಬೆಲೆ. ಹಾಗೆಂದು ಇವು ಗಟ್ಟಿ ನಿಯಮಗಳಲ್ಲ. ಹೆಪ್ಪನ್ನು ತಂತಿಯಿಂದ ಎಳೆದು ತೆಗೆದ ನಾಳದ ಗೋಡೆಯೂ ಕೆಲಕಾಲ ಸುತ್ತಲೂ ಬೆಳ್ಳಗಾಗಿರುತ್ತದೆ, ಅದನ್ನು ಉರಿಯೂತದ ರೋಗವೆಂದು ಓದಬಾರದು. ಅಮೆರಿಕದ ನರವಿಕಿರಣ ತಜ್ಞರ ಸಂಘ 2017ರಲ್ಲಿ ಈ ತಂತ್ರದ ಬಳಕೆಯ ಬಗ್ಗೆ ಒಮ್ಮತದ ಶಿಫಾರಸುಗಳನ್ನು ಹೊರತಂದಾಗಲೂ, ರೋಗಿಯ ಕಥೆ ಮತ್ತು ಉಳಿದ ಪರೀಕ್ಷೆಗಳ ಜೊತೆಯಲ್ಲಿಟ್ಟು ಓದಬೇಕಾದ ಚಿತ್ರ ಇದೆಂದೇ ಪರಿಗಣಿಸಿತು.

ಪ್ಲಾಕ್ ಉಂಗುರದ ಯಾವ ಪಕ್ಕದಲ್ಲಿದೆ ಎಂಬುದೂ ಮುಖ್ಯ. ಎಂಸಿಎಯ ಮೇಲುಬದಿಯಿಂದ ಮಿದುಳಿನ ಆಳಕ್ಕೆ ಕೂದಲೆಳೆಯಷ್ಟು ಸಣ್ಣ ನಾಳಗಳು ಹೊರಡುತ್ತವೆ. ಪ್ಲಾಕ್ ಆ ಬದಿಯಲ್ಲಿದ್ದರೆ ದೊಡ್ಡ ನಾಳ ಕಿರಿದಾಗದಿದ್ದರೂ ಸಣ್ಣ ನಾಳಗಳ ಬಾಯಿ ಮುಚ್ಚಿ, ಆಳದಲ್ಲಿ ಪಾರ್ಶ್ವವಾಯು ಆಗಬಹುದು. ಇಂಥ ಆಳದ ಸಣ್ಣ ಗಾಯಗಳನ್ನೆಲ್ಲ ‘ಬಿಪಿಯಿಂದಾದ ಸಣ್ಣ ನಾಳದ ಕಾಯಿಲೆ’ ಎಂದು ಒಂದೇ ಚೀಲಕ್ಕೆ ಹಾಕುವ ರೂಢಿ ನಮ್ಮಲ್ಲಿ ಬಲವಾಗಿದೆ. ಅವುಗಳಲ್ಲಿ ಕೆಲವಾದರೂ ದೊಡ್ಡ ನಾಳದ ಗೋಡೆಯ ಕಾಯಿಲೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ಪಟ್ಟಿಗೆ ಸೇರಿಸಲೇಬೇಕಾದ ರೋಗ ಕ್ಷಯ. ಮಿದುಳಿನ ಪೊರೆಗೆ ಕ್ಷಯ ತಗುಲಿದಾಗ ಮಿದುಳಿನ ತಳದಲ್ಲಿ ಗಟ್ಟಿಯಾದ ಕೀವಿನಂಥ ಪದಾರ್ಥ ಸಂಗ್ರಹವಾಗುತ್ತದೆ. ವಿಲ್ಲಿಸ್ ಉಂಗುರದ ಅಪಧಮನಿಗಳು ಹಾದುಹೋಗುವುದು ಅದರ ನಡುವೆಯೇ. ಅವುಗಳ ಗೋಡೆ ಉರಿಯೂತಕ್ಕೆ ಸಿಕ್ಕಿ, ಜ್ವರ ಮತ್ತು ತಲೆನೋವಿನಿಂದ ಮಲಗಿದ್ದ ಯುವಕರಿಗೆ ಒಂದು ದಿನ ಲಕ್ವ ಹೊಡೆಯುತ್ತದೆ. ಪಾಶ್ಚಾತ್ಯ ಪಠ್ಯಗಳಲ್ಲಿ ಅಡಿಟಿಪ್ಪಣಿಯಾಗಿ ಬರುವ ಈ ಕಾರಣ ನಮ್ಮ ವಾರ್ಡುಗಳಲ್ಲಿ ಮೊದಲ ಸಾಲಿನಲ್ಲಿಯೇ ಇರಬೇಕು.

ಕುತ್ತಿಗೆಯ ಮಟ್ಟದಲ್ಲಿ ಎಂಆರ್‌ಐ ಎರಡು ಸಂಗತಿಗಳನ್ನು ಚೆನ್ನಾಗಿ ತೋರಿಸುತ್ತದೆ. ಮೊದಲನೆಯದು ಕ್ಯಾರೋಟಿಡ್ ಪ್ಲಾಕಿನೊಳಗಿನ ರಕ್ತಸ್ರಾವ. ಹೆಪ್ಪನ್ನು ಹರಿವಿನಂತೆ ತೋರಿಸಿ ನಮ್ಮನ್ನು ದಾರಿ ತಪ್ಪಿಸುವ ಅದೇ ಮೆಥಿಮೋಗ್ಲೋಬಿನ್ ಇಲ್ಲಿ ನೆರವಿಗೆ ಬರುತ್ತದೆ. ಪ್ಲಾಕಿನ ಒಳಗೆ ಬಿಳಿ ಹೊಳಪು ಕಂಡರೆ ಅಲ್ಲಿ ರಕ್ತ ಸೋರಿದೆ, ಆ ಪ್ಲಾಕ್ ಅಸ್ಥಿರ, ಅದೇ ಬದಿಯಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚು. ನಾಳ ಶೇ. 50ಕ್ಕಿಂತ ಕಡಿಮೆ ಕಿರಿದಾಗಿದ್ದು, ‘ಕಾರಣ ತಿಳಿಯಲಿಲ್ಲ’ ಎಂದು ಬಿಡುಗಡೆಯಾದವರಲ್ಲಿಯೂ ಇದು ಸಿಗುತ್ತದೆ. ಎರಡನೆಯದು ನಾಳದ ಗೋಡೆಯ ಪದರಗಳು ಸೀಳಿ ನಡುವೆ ರಕ್ತ ತುಂಬಿಕೊಳ್ಳುವುದು. ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಚಿತ್ರದಲ್ಲಿ ಅದು ನಾಳದ ಪಕ್ಕಕ್ಕೆ ಅಂಟಿದ ಬಿಳಿಯ ಅರ್ಧಚಂದ್ರವಾಗಿ ಕಾಣುತ್ತದೆ, ಆದರೆ ಮೊದಲ ಒಂದೆರಡು ದಿನ ಕಾಣದಿರಬಹುದು. ಯುವಜನರ ಪಾರ್ಶ್ವವಾಯುವಿಗೆ ಇದೊಂದು ಮುಖ್ಯ ಕಾರಣ. ಕ್ಷೌರದಂಗಡಿಯಲ್ಲಿ ಕುತ್ತಿಗೆಯನ್ನು ಪಟಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವವರು ಈ ಸಭೆಯಲ್ಲಿಯೂ ಇರಬಹುದು. ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಅಡ್ಡಿಯಿಲ್ಲ. ಕುತ್ತಿಗೆಯನ್ನು ಮಾತ್ರ ತಿರುಚಲು ಬಿಡಬೇಡಿ.

ಇಲ್ಲಿಯವರೆಗೆ ಅಪಧಮನಿಗಳ ಮಾತಾಯಿತು. ಅಭಿಧಮನಿಗಳನ್ನು ಮರೆತರೆ ನಮ್ಮ ನಾಡಿನ ಚಿತ್ರ ಅಪೂರ್ಣ. ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ರೋಗ ಭಾರತದಲ್ಲಿ ಬಾಣಂತಿಯರಲ್ಲಿ ಗಣನೀಯವಾಗಿ ಕಂಡುಬಂದಿದೆ, ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವಿಭಾಗ ದಶಕಗಳಿಂದ ಈ ವಿಷಯದಲ್ಲಿ ಅಧ್ಯಯನ ನಡೆಸುತ್ತ ಬಂದಿದೆ. ಹೆರಿಗೆಯಾದ ಮೇಲೆ ರಕ್ತದ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ಸೇರಿದರೆ ರಕ್ತ ಇನ್ನೂ ಗಟ್ಟಿಯಾಗುತ್ತದೆ. ಎರಡು ವಾರದ ಬಾಣಂತಿಗೆ ಬಿಡದ ತಲೆನೋವು, ವಾಂತಿ, ಆಮೇಲೆ ಫಿಟ್ಸ್ ಬಂದರೆ ಗಾಳಿ ಸೋಕಿದೆ ಎಂದು ಕೂರದೆ ಎಂಆರ್ ವೀನೋಗ್ರಾಂ, ಅಂದರೆ ಅಭಿಧಮನಿಗಳ ಎಂಆರ್‌ಐ ಚಿತ್ರ ಮಾಡಿಸಬೇಕು. ಹುಟ್ಟಿನಿಂದಲೇ ಒಂದು ಬದಿಯ ಅಭಿಧಮನಿ ಸಣ್ಣದಿರುವುದು ಬಹಳ ಸಾಮಾನ್ಯವಾದ್ದರಿಂದ, ಹರಿವಿನ ಚಿತ್ರವೊಂದನ್ನೇ ನಂಬದೆ, ಹೆಪ್ಪು ನೇರವಾಗಿ ಕಾಣುವ ಉಳಿದ ಚಿತ್ರಗಳನ್ನೂ ಜೊತೆಗೆ ನೋಡುವುದು ಅಗತ್ಯ. ಸಮಯಕ್ಕೆ ಸರಿಯಾಗಿ ಪತ್ತೆಯಾದರೆ ಇವರಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ಕೊನೆಯದಾಗಿ, ಎಲ್ಲ ರೋಗಿಗಳಿಗೂ ಗೋಡೆಯ ಎಂಆರ್‌ಐ ಬೇಕೇ ಎಂಬ ಪ್ರಶ್ನೆ. ಬೇಡ ಎಂದೇ ನನ್ನ ಉತ್ತರ. ಹೃದಯದ ಬಡಿತ ಲಯತಪ್ಪಿ, ಅಲ್ಲಿಂದ ಹೆಪ್ಪು ಹಾರಿ ಪಾರ್ಶ್ವವಾಯು ಆದ ಎಪ್ಪತ್ತೈದರ ಹಿರಿಯರಿಗೆ ಇದರಿಂದ ಚಿಕಿತ್ಸೆ ಸಾಮಾನ್ಯವಾಗಿ ಬದಲಾಗುವುದಿಲ್ಲ. ಐವತ್ತಕ್ಕಿಂತ ಚಿಕ್ಕವರು, ಮಾತ್ರೆ ತಪ್ಪದೆ ತೆಗೆದುಕೊಂಡರೂ ಮತ್ತೆ ಪಾರ್ಶ್ವವಾಯು ಆದವರು, ಕಿರಿತನ ಕಂಡರೂ ಕಾರಣ ಹೊಳೆಯದವರು, ಇವರಿಗೆ ಕೇಳಿ ಮಾಡಿಸುವುದು ಸರಿ. ಮಾಡಿಸಿದ ಮೇಲೆ ಒಂದೇ ಚಿತ್ರದಿಂದ ತೀರ್ಮಾನಕ್ಕೆ ಬರುವ ಬದಲು ಕೆಲವು ತಿಂಗಳ ಬಳಿಕ ಮತ್ತೊಮ್ಮೆ ನೋಡಬೇಕಾಗಿ ಬರಬಹುದು, ಏಕೆಂದರೆ ತಾತ್ಕಾಲಿಕವಾಗಿ ಹಿಂಡಿಕೊಂಡ ನಾಳ ಅಷ್ಟರಲ್ಲಿ ಅಗಲವಾಗಿರುತ್ತದೆ, ಪ್ಲಾಕ್ ಹಾಗೆಯೇ ಇರುತ್ತದೆ. ಆ ಹೋಲಿಕೆಗೆ ಹಳೆಯ ಸ್ಕ್ಯಾನ್ ಬೇಕು. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ದೊಡ್ಡ ಲಕೋಟೆಯಲ್ಲಿ ಫಿಲ್ಮುಗಳನ್ನು ಮಾತ್ರ ಒಯ್ಯಬೇಡಿ. ಫಿಲ್ಮಿನ ಮೇಲೆ ಇರುವುದು ಕಂಪ್ಯೂಟರ್ ಕಟ್ಟಿದ ಚಿತ್ರಗಳಲ್ಲಿ ಆಯ್ದ ಕೆಲವು; ಮೂಲ ಪದರಗಳು ಸಿಡಿಯಲ್ಲಿ ಅಥವಾ ಸ್ಕ್ಯಾನ್ ಕೇಂದ್ರ ಮೊಬೈಲಿಗೆ ಕಳುಹಿಸುವ ಕೊಂಡಿಯಲ್ಲಿ ಇರುತ್ತವೆ. ಅದನ್ನು ಕೇಳಿ ಪಡೆದುಕೊಳ್ಳಿ, ಮತ್ತು ಕೊಂಡಿಯ ಅವಧಿ ಮುಗಿಯುವ ಮೊದಲೇ ಇಳಿಸಿಟ್ಟುಕೊಳ್ಳಿ.